ಅಡ್ಡಗೋಡೆಯವರ ನಾಲ್ಕು ಸಾಲು

ನಮ್ಮ ಯಜಮಾನರಿಗೆ ತಂದೆತಾಯಿ ಇಟ್ಟ ಹೆಸರು ಒಂದಿತ್ತು. ತಿಂಗಳಿಗೊಮ್ಮೆ, ಸಂಬಳದ ದಿನ, ಅಚ್ಚುಕೂಟದ ಮಾಲೀಕರು ಆ ಹೆಸರಿನಿಂದ ಕೂಗುತ್ತಿದ್ದರು. ಉಳಿದ ದಿನಗಳಲ್ಲಿ ಅವರು ಎಲ್ಲರ ಬಾಯಲ್ಲೂ ‘ಅಡ್ಡಗೋಡೆ’. ಇವರು ಮಾತಾಡುವುದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಬೆಳಕು ಈ ಕೋಣೆಗೂ ಬೀಳುತ್ತದೆ, ಆ ಕೋಣೆಗೂ ಬೀಳುತ್ತದೆ, ದೀಪ ಯಾರ ಮನೆಯದು ಅಂತ ಮಾತ್ರ ಗೊತ್ತಾಗುವುದಿಲ್ಲ ಎಂದು ನೆರೆಮನೆಯ ಬಡಗಿ ಒಮ್ಮೆ ತಮಾಷೆಗೆ ಅಂದರು. ಅದು ಅಂಟಿಕೊಂಡಿತು. ನಾನು ಅಡ್ಡಗೋಡೆಯವರ ಹೆಂಡತಿಯಾದೆ. ನಮ್ಮ ಮಗಳನ್ನು ಶಾಲೆಯಲ್ಲಿ ‘ಗಿಡ್ಡಗೋಡೆ’ ಎಂದು ರೇಗಿಸುತ್ತಿದ್ದರು. ಅವಳು ಅತ್ತುಕೊಂಡು ಬಂದರೆ ಇವರು, “ಗೋಡೆ ಇಲ್ದೆ ಮನೆ ನಿಲ್ಲುತ್ತಾ? ಕೇಳು ಅವರನ್ನ” ಎಂದು ನಗುತ್ತಿದ್ದರು.

ಆ ಮನುಷ್ಯನ ಜೊತೆ ನಲವತ್ತೊಂದು ವರ್ಷ ಬಾಳಿದೆ. ಅವರ ಬಾಯಲ್ಲಿ ಯಾವ ಹಲ್ಲು ಯಾವ ವರ್ಷ ಬಿತ್ತೆಂದು ಹೇಳಬಲ್ಲೆ. ಆದರೆ ಯಾವ ಪಕ್ಷಕ್ಕೆ ಮತ ಹಾಕುತ್ತಿದ್ದರೆಂದು ಇಂದಿಗೂ ಗೊತ್ತಿಲ್ಲ. ಮತ ಹಾಕಿ ಬರುವಾಗ ದಾರಿಯಲ್ಲಿ ಕೇಳುತ್ತಿದ್ದೆ. “ಬಿಸಿಲು ಜಾಸ್ತಿ ಇವತ್ತು” ಅನ್ನುತ್ತಿದ್ದರು.

ನಾವಿದ್ದದ್ದು ಗಿರಣಿಯವರು ಕೆಲಸಗಾರರಿಗೆಂದು ಕಟ್ಟಿಸಿದ ಆರು ಕಟ್ಟಡಗಳ ಸಾಲಿನಲ್ಲಿ. ಒಂದೊಂದಕ್ಕೂ ನಾಲ್ಕು ಅಂತಸ್ತು, ಕಿರಿದಾದ ಮೆಟ್ಟಿಲು, ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಕೆಳಗಿನಿಂದ ಮೇಲಿನವರೆಗೂ ಗೊತ್ತಾಗುವಂಥ ಮನೆಗಳು. ಮೂರನೇ ಕಟ್ಟಡದ ನೆಲಮಟ್ಟದಲ್ಲಿ ನಿವಾಸಿಗಳ ಸಂಘದ ಸಭೆಯ ಕೋಣೆ. ಮಡಚುವ ಕಬ್ಬಿಣದ ಕುರ್ಚಿಗಳು, ತೇವ ಹತ್ತಿ ಉಬ್ಬಿದ ಗೋಡೆ, ರೈಲು ಹಳಿಯ ಕಡೆಗೆ ಒಂದೇ ಒಂದು ಕಿಟಕಿ. ರೈಲು ಬಂದರೆ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಎಂಥ ಜಗಳವಾದರೂ ಎತ್ತಿದ ಕೈ ಎತ್ತಿದಂತೆ, ತೆರೆದ ಬಾಯಿ ತೆರೆದಂತೆ ಎಲ್ಲರೂ ನಿಲ್ಲುತ್ತಿದ್ದರು. ಕೊನೆಯ ಡಬ್ಬಿ ದಾಟಿದ ಮೇಲೆ ನಿಲ್ಲಿಸಿದ ಪದದಿಂದಲೇ ಮತ್ತೆ ಬೈಗುಳ ಶುರು.

ಆ ಕೋಣೆಯಲ್ಲಿ ಸುಮಾರು ಐವತ್ತು ವರ್ಷ ನಮ್ಮವರು ಸಭೆಯ ನಡಾವಳಿ ಬರೆದರು. ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು, ಅದೆಲ್ಲ. ಅವರ ಹೊಟ್ಟೆಪಾಡು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವುದು. ಒಂದೊಂದೇ ಸೀಸದ ಅಕ್ಷರವನ್ನು ಗೂಡಿನಿಂದ ಹೆಕ್ಕಿ, ತಿರುಗುಮುರುಗಾಗಿ ಸಾಲಿಗೆ ಕೂರಿಸುವ ಕೆಲಸ. ಚುನಾವಣೆ ಬಂದರೆ ಎರಡೂ ಪಕ್ಷದವರ ಕರಪತ್ರ ಅಲ್ಲೇ ಅಚ್ಚಾಗುತ್ತಿದ್ದವು. ಒಂದು ಪಕ್ಷದವರ ಹೆಸರು ಒಂದು ಎಳೆ ದಪ್ಪವಾದರೆ ಇನ್ನೊಂದು ಪಕ್ಷದವರು ಬಂದು ಕೂಗಾಡುವರು. ಅದಕ್ಕೆ ಮಾಲೀಕರ ಕಟ್ಟಪ್ಪಣೆ: ಇಬ್ಬರಿಗೂ ಒಂದೇ ಅಳತೆ, ಒಂದೇ ಮೊಳೆ, ಒಂದೇ ಸಾಲು. ಆ ಅಳತೆಯನ್ನೇ ಇವರು ಸಂಘದ ಪುಸ್ತಕಕ್ಕೂ ತಂದರು. ಹಾಳೆಯ ನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಎಡಕ್ಕೆ ‘ಆಗಲಿ’ ಎಂದವರ ಮಾತು ನಾಲ್ಕು ಸಾಲು. ಬಲಕ್ಕೆ ‘ಬೇಡ’ ಎಂದವರ ಮಾತು ನಾಲ್ಕು ಸಾಲು. ಅರ್ಧ ಗಂಟೆ ಕೊರೆದವರಿಗೂ ಅಷ್ಟೇ, ಎದ್ದು ಕೆಮ್ಮಿ ಕೂತವರಿಗೂ ಅಷ್ಟೇ.

ಆ ನಾಲ್ಕು ಸಾಲಿನಿಂದಲೇ ನನಗೆ ಮನೆ ಉಳಿಯಿತು. ಅದನ್ನು ಮೊದಲು ಹೇಳದಿದ್ದರೆ ನ್ಯಾಯವಾಗುವುದಿಲ್ಲ.

ನಮ್ಮಪ್ಪ ಗಿರಣಿಯಲ್ಲಿ ನೂಲಿನ ಯಂತ್ರ ನೋಡಿಕೊಳ್ಳುತ್ತಿದ್ದರು. ನನಗೆ ಹನ್ನೊಂದು, ಅಕ್ಕನಿಗೆ ಹದಿನೈದು ಇದ್ದಾಗ ಎದೆ ಹಿಡಿದುಕೊಂಡಿದೆ ಎಂದು ಮಲಗಿದವರು ಏಳಲಿಲ್ಲ. ಮನೆಯಲ್ಲಿ ಒಬ್ಬರಾದರೂ ಗಿರಣಿಯಲ್ಲಿ ದುಡಿಯುತ್ತಿದ್ದರೆ ಮಾತ್ರ ಮನೆ ಎಂಬುದು ಆಗಿನ ನಿಯಮ. ನಮ್ಮ ಮನೆಗಾಗಿ ಕಾದು ಕೂತವರೂ ಇದ್ದರು. ಗಿರಣಿಯ ಕಚೇರಿ ಸಂಘದ ಅಭಿಪ್ರಾಯ ಕೇಳಿತು. ಆ ಭಾನುವಾರ ಇಪ್ಪತ್ತೆರಡು ಜನ ಎದ್ದು, ಪಾಪ, ಅಯ್ಯೋ, ಆದರೆ ನಿಯಮ ನಿಯಮವೇ ಎಂದರಂತೆ. ಗೇಟಿನ ಕಾವಲುಗಾರ ತಾತ ಒಬ್ಬರು ಮಾತ್ರ, “ಹೆಣ್ಮಕ್ಕಳು ಒಂದು ದಡ ಸೇರೋವರೆಗೂ ಇರ್ಲಿ ಬಿಡ್ರಪ್ಪ. ಮನೆಗೇನು ಕಾಲಿದೆಯಾ, ಓಡಿಹೋಗೋಕೆ?” ಎಂದರು. ಗಿರಣಿ ಕೆಲಸಗಾರರೊಬ್ಬರ ಮಗ, ಕೈಬರಹ ಚೆನ್ನಾಗಿದೆ ಎಂದು ಬರೆಯಲು ಕೂರಿಸಿದ್ದ ಇಪ್ಪತ್ತರ ಹುಡುಗ ನಮ್ಮವರು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಬರೆದರು.

ಆಗಿನ ಅಧ್ಯಕ್ಷರು ರೇಗಿದರು. “ಇಪ್ಪತ್ತೆರಡು ಜನರ ಮಾತೂ ಒಬ್ಬ ಮುದುಕನ ಮಾತೂ ಒಂದೇ ಅಳತೆಯೇನಯ್ಯಾ?”

“ಇಪ್ಪತ್ತೆರಡು ಜನ ಸೇರಿ ಹೇಳಿದ್ದು ಒಂದೇ ಮಾತು ಸಾರ್. ತಾತ ಬೇರೆ ಮಾತು ಹೇಳಿದ್ರು. ಒಟ್ಟು ಎರಡೇ ಮಾತು.”

ಗಿರಣಿಯ ವ್ಯವಸ್ಥಾಪಕರು ಆ ಹಾಳೆ ಓದಿ, ‘ಅಭಿಪ್ರಾಯಭೇದ ಇರುವುದರಿಂದ ಸದ್ಯಕ್ಕೆ ಮುಂದೂಡಿದೆ’ ಎಂದು ಬರೆದರು. ಆ ಸದ್ಯ ಹತ್ತು ವರ್ಷ ನಡೆಯಿತು. ಅಷ್ಟರಲ್ಲಿ ಅಮ್ಮ ಗಿರಣಿಯಲ್ಲೇ ಕಸ ಗುಡಿಸುವ ಕೆಲಸಕ್ಕೆ ಸೇರಿಕೊಂಡಳು, ನಾವು ಬೆಳೆದೆವು. ನನಗೆ ಗಂಡು ನೋಡುವಾಗ ಅಮ್ಮ ಒಂದೇ ಮಾತು ಹೇಳಿದಳು: “ಆ ನಾಲ್ಕು ಸಾಲು ಬರೆದ ಹುಡುಗನಿಗೆ ಇನ್ನೂ ಮದುವೆ ಆಗಿಲ್ವಂತೆ, ವಿಚಾರಿಸಿ.”

ಅಕ್ಕನ ಕಥೆ ಬೇರೆ. ಆ ಸಭೆಯ ತೀರ್ಮಾನ ಬರುವವರೆಗೆ ಒಂದು ತಿಂಗಳು ಅವಳು ತಗಡಿನ ಪೆಟ್ಟಿಗೆಗೆ ಬಟ್ಟೆ ತುಂಬಿ, ಅದಕ್ಕೆ ಒರಗಿಕೊಂಡೇ ನಿದ್ದೆ ಮಾಡಿದಳು. ಇನ್ನೊಬ್ಬರು ಸಭೆ ಸೇರಿ ಬಿಡಿಸಬಹುದಾದ ಮನೆಯಲ್ಲಿ ಮಾತ್ರ ಇರುವುದಿಲ್ಲ ಎಂದು ಆಗಲೇ ಹಟ ಹಿಡಿದಳು. ಹಳಿಯ ಆಚೆ ಬದಿಯಲ್ಲಿ ಎರಡು ಕೋಣೆಯ ಸ್ವಂತ ಮನೆಯಿದ್ದ ರೈಲ್ವೆ ಕೆಲಸದವರನ್ನು ಮದುವೆಯಾದಳು. ಮನೆ ನೋಡಿ ಒಪ್ಪಿದಳೇ ಹೊರತು ಗಂಡನ್ನು ನೋಡಿ ಅಲ್ಲ ಎಂದು ನಾನು ಚುಡಾಯಿಸುತ್ತಿದ್ದೆ. “ಗಂಡ ಹೇಗಿದ್ರೂ ತಿದ್ಕೋಬಹುದು ಕಣೆ” ಅನ್ನುತ್ತಿದ್ದಳು. ಹಸಿರು ಬಣ್ಣದ ಬಾಗಿಲು. ನಮ್ಮ ಅಡಿಗೆಮನೆಯ ಕಿಟಕಿಯಿಂದ ಅದು ಕಾಣುತ್ತಿತ್ತು.

ನಡುವೆ ಹಳಿಗಳ ಮೇಲೆ ಕಬ್ಬಿಣದ ಕಾಲುಸೇತುವೆ. ಮೂವತ್ತೆಂಟು ಮೆಟ್ಟಿಲು ಹತ್ತಬೇಕು, ಎಪ್ಪತ್ತು ಹೆಜ್ಜೆ ನಡೆಯಬೇಕು, ಮೂವತ್ತೆಂಟು ಇಳಿಯಬೇಕು. ಒಲೆಯ ಮೇಲೆ ಹಾಲಿಟ್ಟು ಹೋಗಿ ಉಕ್ಕುವ ಮೊದಲು ಬಂದೆ ಎಂದರೆ ಸುಳ್ಳಾದೀತು, ಆದರೆ ಅಷ್ಟು ಹತ್ತಿರ.

ಅಕ್ಕನಿಗೆ ಮಕ್ಕಳಾಗಲಿಲ್ಲ. ಭಾವ ಬೇಗ ಹೋದರು. ಐವತ್ತು ದಾಟುತ್ತಲೇ ಅವಳ ಕೈ ನಡುಗುವ ಕಾಯಿಲೆ ಶುರುವಾಯಿತು. ಲೋಟ ಹಿಡಿದರೆ ನೀರು ಎದೆಯ ಮೇಲೆ. ಬೆಂಕಿಯ ಹತ್ತಿರ ಹೋಗಬೇಡಿ ಎಂದರು ಡಾಕ್ಟರು. ನಮ್ಮ ಮನೆಗೆ ಬಾ ಎಂದು ಅತ್ತು ಕರೆದರೂ ಬರಲಿಲ್ಲ. “ನನ್ನ ಬಾಗಿಲು ಬಿಟ್ಟು ಎಲ್ಲಿಗೂ ಬರಲ್ಲ. ಹೆಣ ಹೊರಡೋವಾಗ ನೋಡೋಣ” ಎಂದಳು. ಹಾಗಾಗಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಾನು ಸೇತುವೆ ದಾಟಿ ಹೋಗಿ ಬಿಸಿ ಊಟ ತಿನ್ನಿಸಿ, ತಲೆ ಬಾಚಿ ಬರುತ್ತಿದ್ದೆ. ಅವಳು ಅವಳ ಬಾಗಿಲ ಹಿಂದೆ ಇರಬೇಕೆಂದರೆ ನನಗೆ ಆ ಸೇತುವೆ ಬೇಕು. ಲೆಕ್ಕ ಅಷ್ಟು ಸರಳವಾಗಿತ್ತು, ಸಭೆ ಸೇರುವವರೆಗೆ.

ಸೇತುವೆ ಹಳೆಯದಾಗಿದ್ದು ನಿಜ. ಒಂದು ದಿನ ಬಡಗಿಯವರ ಮೊಮ್ಮಗಳು ಇಳಿಯುವಾಗ ತುಕ್ಕು ಹಿಡಿದ ಮೆಟ್ಟಿಲು ಕಿತ್ತುಬಂದು ಅವಳ ಕಾಲು ಒಳಗೆ ಸಿಕ್ಕಿಕೊಂಡಿತು. ಹನ್ನೊಂದು ಹೊಲಿಗೆ. ನಗರಸಭೆ ಎದ್ದು ಕೂತಿತು. ಸೇತುವೆ ತೆಗೆದುಬಿಡುತ್ತೇವೆ, ಆಚೆ ತುದಿಯ ದೊಡ್ಡ ರಸ್ತೆಯಲ್ಲಿ ಹಳಿ ದಾಟಲು ವ್ಯವಸ್ಥೆ ಇದೆಯಲ್ಲ, ಸಂಘದ ಅಭಿಪ್ರಾಯ ತಿಳಿಸಿ ಎಂದು ಕಾಗದ ಬಂತು.

ಆಗ ನಗರಸಭೆಯಲ್ಲಿ ಹಳದಿ ಬಾವುಟದ ಪಕ್ಷ. ಅವರು ತೆಗೆಯುತ್ತೇವೆ ಎಂದದ್ದಕ್ಕೇ ನೇರಳೆ ಬಾವುಟದವರು ಉಳಿಸುತ್ತೇವೆ ಎಂದು ಹೊರಟರು. ಒಂದೇ ವಾರದಲ್ಲಿ ನಾನು ದಿನಾ ಹತ್ತಿ ಇಳಿಯುತ್ತಿದ್ದ ಸೇತುವೆ ಸೇತುವೆಯಾಗಿ ಉಳಿಯಲಿಲ್ಲ. ಅದರ ಕಂಬಗಳಿಗೆ ನೇರಳೆ ಬಟ್ಟೆ ಸುತ್ತಿದರು. ನನಗೆ ತಲೆ ಬುಡ ಅರ್ಥವಾಗಲಿಲ್ಲ. ಬಡಗಿಯವರು ಹುಟ್ಟಿದಾಗಿನಿಂದ ನೇರಳೆ. ಆದರೆ ಅವರಿಗೆ ಸೇತುವೆ ಬೇಡ. ಬಟ್ಟೆ ಇಸ್ತ್ರಿ ಮಾಡುವವಳು ಹಳದಿಯವರ ಮೆರವಣಿಗೆಯಲ್ಲಿ ಮುಂದೆ ನಿಂತು ಕೂಗುವವಳು. ಆದರೆ ಅವಳ ಅರ್ಧ ಗಿರಾಕಿಗಳು ಹಳಿಯ ಆಚೆ. ಅವಳಿಗೆ ಸೇತುವೆ ಬೇಕು. ಇಬ್ಬರೂ ತಮ್ಮವರ ಕೈಲೇ ಬೈಸಿಕೊಂಡರು.

ನಾನು ಅದುವರೆಗೆ ಸಭೆಗೆ ಹೋದವಳಲ್ಲ. ಅವತ್ತು ಹೋದೆ. ಔಷಧಿ ಅಂಗಡಿಯವರು ಅಧ್ಯಕ್ಷರು. ಅವರ ಅಂಗಡಿ ದೊಡ್ಡ ರಸ್ತೆಯಲ್ಲಿ, ಸೇತುವೆ ಹೋದರೆ ಎಲ್ಲರೂ ಅದರ ಮುಂದೆಯೇ ಓಡಾಡಬೇಕು, ಅವರ ಮನಸ್ಸು ಯಾವ ಕಡೆ ಎಂದು ಕೇಳಬೇಕಿಲ್ಲ. ಮೊದಲು ಅವರು ಮಾತಾಡಿದರು. ಆಮೇಲೆ ಬಡಗಿ.

“ನಿಮ್ಮ ಅನುಕೂಲ ನಿಮಗೆ. ನನ್ನ ಮೊಮ್ಮಗಳ ಕಾಲಲ್ಲಿ ಹೊಲಿಗೆ ಇನ್ನೂ ಹಸಿ ಇದೆ. ಕರ್ಕೊಂಡು ಬಂದು ತೋರಿಸ್ಲಾ?”

ಇಸ್ತ್ರಿಯವಳು ಎದ್ದಳು. “ಮೆಟ್ಟಿಲು ಮುರಿದ್ರೆ ಮೆಟ್ಟಿಲು ಹಾಕ್ಸಣ್ಣ. ಹಲ್ಲು ನೋವು ಅಂತ ತಲೆ ತೆಗಿಸ್ತಾರಾ?”

ಹಿಂದಿನಿಂದ ಯಾರೋ, “ನೀನು ಹಳದಿಯವಳಲ್ವೇನೇ? ನಿಮ್ಮವರೇ ತೆಗೀತಿರೋದು!”

“ಮೂಟೆ ಹೊರೋಳು ನಾನು. ಹಳದಿ ಬಂದು ಹೊರುತ್ತಾ?”

ನಗು ಎದ್ದಿತು. ಅಷ್ಟರಲ್ಲಿ ರೈಲು ಬಂತು. ಎಲ್ಲರೂ ಬಾಯಿ ತೆರೆದು ನಿಂತರು. ಆ ಸದ್ದಿನ ನಡುವೆಯೇ ನಾನು ಎದ್ದೆ.  ರೈಲು ದಾಟಿದಾಗ ನಾನೊಬ್ಬಳೇ ನಿಂತಿದ್ದೆ, ಮಾತಾಡದೆ ವಿಧಿಯಿರಲಿಲ್ಲ. ಮೂವತ್ತೆಂಟು, ಎಪ್ಪತ್ತು, ಮೂವತ್ತೆಂಟು ಎಂದು ಹೇಳಿದೆ. ಅಕ್ಕನ ಕೈ ನಡುಗುವುದನ್ನು ಹೇಳಿದೆ. ಬಿಸಿ ಊಟ, ತಲೆ ಬಾಚುವುದು, ಹಸಿರು ಬಾಗಿಲು, ತಗಡಿನ ಪೆಟ್ಟಿಗೆ, ಎಲ್ಲ ಹೇಳಿದೆ. ಎಷ್ಟು ಹೊತ್ತು ಮಾತಾಡಿದೆನೋ ತಿಳಿಯದು. ಮೇಜಿನ ಹಿಂದೆ ನಮ್ಮವರು ತಲೆ ತಗ್ಗಿಸಿ ಬರೆಯುತ್ತಿದ್ದರು. ನನ್ನ ಮಾತು ಆ ಪುಸ್ತಕದಲ್ಲಿ ಇಳಿಯುತ್ತಿದೆ ಎಂದು ಸಂಕೋಚವೂ ಆಯಿತು, ಒಳಗೊಳಗೆ ಹೆಮ್ಮೆಯೂ ಆಯಿತು. ನನ್ನ ನಂತರ ಇನ್ನೂ ಎಷ್ಟೋ ಹೆಂಗಸರು ಎದ್ದರು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಅದರ ಮೇಲೆ ನೇರಳೆಯವರ ಚೀಟಿ ಅಂಟಿಸಿತ್ತು: ‘ಈ ಮನೆ ನಮ್ಮದು’. ಎದುರು ಮನೆಯ ಟೀಚರಮ್ಮ, ಹಳದಿಯವರು, ಇಪ್ಪತ್ತು ವರ್ಷದಿಂದ ನನ್ನ ಜೊತೆ ಹಾಲಿಗೆ ಬರುತ್ತಿದ್ದವರು, ನನ್ನನ್ನು ಬಿಟ್ಟು ಮುಂದೆ ಹೋದರು. ನಾನು ಅಕ್ಕನ ವಿಷಯ ಮಾತಾಡಿದ್ದೆ. ಯಾವ ಹೊತ್ತಿನಲ್ಲಿ ಪಕ್ಷಕ್ಕೆ ಸೇರಿದೆ ಎಂದೇ ನನಗೆ ಗೊತ್ತಾಗಲಿಲ್ಲ. ನಮ್ಮವರು ಒದ್ದೆ ಬಟ್ಟೆಯಿಂದ ಚೀಟಿಯನ್ನು ಹರಿಯದಂತೆ ಬಿಡಿಸಿ, ಒಣಗಿಸಿ, ಮಡಚಿ ನೇರಳೆಯವರ ಕಚೇರಿಗೆ ಹೋಗಿ, “ಇದು ನಿಮ್ಮದು, ದಾರಿ ತಪ್ಪಿ ನಮ್ಮ ಬಾಗಿಲಿಗೆ ಬಂದಿತ್ತು” ಎಂದು ಕೊಟ್ಟು ಬಂದರು.

ತಿಂಗಳ ನಂತರದ ಸಭೆಯಲ್ಲಿ ನಗರಸಭೆಯ ಉತ್ತರವನ್ನು ಔಷಧಿ ಅಂಗಡಿಯವರು ಓದಿದರು. ‘ನಿವಾಸಿಗಳ ಅಭಿಪ್ರಾಯ ಸಮಸಮವಾಗಿ ಒಡೆದಿರುವುದು ನಡಾವಳಿಯಿಂದ ಕಂಡುಬರುವುದರಿಂದ, ಸುರಕ್ಷತೆಯ ದೃಷ್ಟಿಯಿಂದ ಸೇತುವೆಯನ್ನು ತೆರವುಗೊಳಿಸಲು ತೀರ್ಮಾನಿಸಲಾಗಿದೆ.’

ಸಮಸಮ! ಕೋಣೆ ಹೊತ್ತಿಕೊಂಡಿತು. ಇಸ್ತ್ರಿಯವಳು ಮೇಜಿನ ಹತ್ತಿರ ಹೋಗಿ ಪುಸ್ತಕ ಕಸಿದುಕೊಂಡು ನನ್ನ ಕೈಗೆ ಕೊಟ್ಟಳು. “ಓದಮ್ಮ, ನಿನ್ನ ಗಂಡ ಬರೆದಿರೋದನ್ನ ನೀನೇ ಓದು.” ನಾನು ಓದಿದ್ದು ನಾಲ್ಕನೇ ತರಗತಿ. ಆದರೂ ಎಂಟು ಸಾಲಿಗೆ ಅದು ಸಾಕು. ಒಂದು ಬದಿ ನಾಲ್ಕು, ಇನ್ನೊಂದು ಬದಿ ನಾಲ್ಕು. ನನ್ನ ಮಾತು ಮೂರನೇ ಸಾಲಿನಲ್ಲಿತ್ತು: ‘ಬಂಧುಗಳ ಭೇಟಿಗೂ ಅನುಕೂಲವೆಂದು ಕೆಲವರು ತಿಳಿಸಿದರು.’ ಅದೂ ಪೂರ್ತಿ ಸಾಲಲ್ಲ, ಮುಕ್ಕಾಲು. ಅಕ್ಕನ ಕೈ ಇರಲಿಲ್ಲ, ಬಾಗಿಲು ಇರಲಿಲ್ಲ.

ವಿಚಿತ್ರವೆಂದರೆ ಸೇತುವೆ ಬೇಡವೆಂದವರಿಗೂ ಸಿಟ್ಟು. ಔಷಧಿ ಅಂಗಡಿಯವರು, “ಮಗು ಕಾಲಿನ ರಕ್ತಕ್ಕೂ ಇವರ ಹರಟೆಗೂ ಒಂದೇ ಅಳತೆಯೇನ್ರೀ?” ಎಂದರು. ನೇರಳೆಯವರು ಹಳದಿಗೆ ಮಾರಿಕೊಂಡ ಎಂದರು. ಹಳದಿಯವರು ಹೆಂಡತಿಯನ್ನು ನೇರಳೆಗೆ ಬಿಟ್ಟು ತಾನು ಮಾತ್ರ ಸಾಚಾ ಎಂದರು. ನಮ್ಮವರು ಶಾಯಿಯ ಬಾಟಲಿಗೆ ಮುಚ್ಚಳ ಹಾಕಿ, ಪುಸ್ತಕ ಬಗಲಲ್ಲಿಟ್ಟುಕೊಂಡು ಎದ್ದು ಬಂದರು.

ಮನೆಯಲ್ಲಿ ನಾನು ತಟ್ಟೆ ಕುಕ್ಕಿದೆ.

“ಬೇಕು ಅಂದವರು ಎಷ್ಟು ಜನ?”

“ಹತ್ತೊಂಬತ್ತು.”

“ಬೇಡ ಅಂದವರು?”

“ಇಬ್ಬರು.”

“ಎಣಿಸಿದ್ದೀರಿ! ಎಣಿಸಿಯೂ ನಾಲ್ಕು ನಾಲ್ಕು ಬರೆದಿರಾ?”

“ಅವತ್ತು ನಿಮ್ಮ ಕಡೆ ಒಬ್ಬರೇ ಇದ್ದದ್ದು,” ಎಂದರು ಮೆಲ್ಲಗೆ. “ಕಾವಲುಗಾರ ತಾತ. ಆವಾಗ ಎಣಿಸಿದ್ರೆ?”

 ನಾನು ಬಿಡಲಿಲ್ಲ. “ಎರಡನ್ನೂ ಬರೀಬಹುದಿತ್ತಲ್ಲ ರೀ. ಇಷ್ಟು ಜನ ಹೀಗೆ ಅಂದ್ರು, ಇಷ್ಟು ಜನ ಹಾಗೆ ಅಂದ್ರು ಅಂತ.”

“ಸಂಖ್ಯೆ ಬರೆದ್ರೆ ಮಾತನ್ನ ಯಾರೂ ಓದಲ್ಲ ಕಣೆ. ಇಪ್ಪತ್ತೆರಡು, ಒಂದು. ಮುಗೀತು. ನಿಮ್ಮ ಪೆಟ್ಟಿಗೆ ಬೀದಿಗೆ.”

“ಈಗ ಮಾತು ಓದಿದ್ರಾ? ಸಮಸಮ ಅಂದ್ರು!”

ಅವರು ನೀರು ಕುಡಿದರು. ಲೋಟ ಕೆಳಗಿಟ್ಟು, “ಬಡಗಿ ಮೊಮ್ಮಗಳದ್ದೂ ಕಾಲೇ ಅಲ್ವಾ” ಎಂದರು.

ಅದೂ ನಿಜ. ಅವರ ಹತ್ತಿರ ಜಗಳವಾಡುವ ಕಷ್ಟವೇ ಅದು. ಸಿಟ್ಟು ಬರುತ್ತಿತ್ತು, ಆದರೆ ಅದನ್ನು ನೆಟ್ಟಗೆ ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ. ಬಡಗಿಯ ಮೊಮ್ಮಗಳ ಕಾಲು ನನಗೆ ಕಾಣುತ್ತಿತ್ತು, ಅಕ್ಕನ ಕೈಯೂ ಕಾಣುತ್ತಿತ್ತು. ಹದಿನಾಲ್ಕು ದಿನ ನಾನು ಮಾತು ಬಿಟ್ಟೆ. ಹದಿನೈದನೇ ದಿನ ಇಸ್ತ್ರಿಯವಳು ಬಂದು, “ನಿನ್ನ ಗಂಡ ನಗರಸಭೆ ಮೆಟ್ಟಿಲ ಮೇಲೆ ಪುಸ್ತಕ ಹಿಡ್ಕೊಂಡು ಕೂತಿದ್ದ ನೋಡು” ಎಂದಳು. ಕೇಳಿದರೆ, “ನೀರಿನ ವಿಷಯ ವಿಚಾರಿಸೋಕೆ ಹೋಗಿದ್ದೆ” ಎಂದರು. ನಮ್ಮ ಮನೆಯಲ್ಲಿ ನೀರಿಗೆ ಏನೂ ತೊಂದರೆ ಇರಲಿಲ್ಲ. ಹತ್ತೊಂಬತ್ತು ಎಂದು ಹೇಳಲು ಹೋಗಿದ್ದರೋ, ಹೋಗಿ ಹೇಳದೆ ಬಂದರೋ, ಹೇಳಿದರೂ ಅವರು ಕೇಳಲಿಲ್ಲವೋ, ಗೊತ್ತಿಲ್ಲ.

ಸೇತುವೆ ತೆಗೆಯಲು ಎರಡು ದಿನ ಹಿಡಿಯಿತು. ಬೆಂಕಿಯ ಕೊಳವೆ ಹಿಡಿದು ಕಬ್ಬಿಣ ಕತ್ತರಿಸಿದರು. ನಾನು ಅಡಿಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ನಡುವಿನ ತುಂಡನ್ನು ಕೆಳಗಿಳಿಸಿದಾಗ ಆಚೆ ಹಸಿರು ಬಾಗಿಲು ತೆರೆದು ಅಕ್ಕ ಹೊರಗೆ ಬಂದಳು. ಕೈ ಎತ್ತಿದಳು. ನನಗೆ ಕೈ ಬೀಸುತ್ತಿದ್ದಾಳೋ, ಕೈ ತಾನಾಗಿ ನಡುಗುತ್ತಿದೆಯೋ ಅಷ್ಟು ದೂರದಿಂದ ತಿಳಿಯಲಿಲ್ಲ. ನಾನೂ ಬೀಸಿದೆ.

ಆಮೇಲೆ ಅಕ್ಕನ ಮನೆ ಮುಕ್ಕಾಲು ಗಂಟೆಯ ದಾರಿ. ದೊಡ್ಡ ರಸ್ತೆಗೆ ಹೋಗಿ, ಹಳಿ ದಾಟಿ, ಕಲ್ಲಿದ್ದಲಿನ ಅಂಗಳದ ಗೋಡೆಗುಂಟ ವಾಪಸು. ಹೋಗಿ ಬರಲು ಒಂದೂವರೆ ಗಂಟೆ. ದಿನಕ್ಕೆ ಎರಡು ಸಲ ನನ್ನ ಕೈಲಾಗಲಿಲ್ಲ. ಮೊದಲ ವಾರ ಸಂಜೆಯ ಊಟವನ್ನೂ ಬೆಳಿಗ್ಗೆಯೇ ಕೊಟ್ಟು ಬಂದೆ. ಅಕ್ಕ ತಣ್ಣಗಿನದನ್ನು ತಾನೇ ತಿನ್ನಲು ಹೋಗಿ ನೆಲದ ಮೇಲೆಲ್ಲ ಚೆಲ್ಲಿಕೊಂಡು, ಒರೆಸಲೂ ಆಗದೆ ಹಾಗೇ ಮಲಗಿದ್ದಳು. “ಅಕ್ಕ, ಇನ್ನು ಆಗಲ್ಲ. ನಡಿ ನಮ್ಮನೆಗೆ” ಎಂದೆ. ಅವಳು ಬಾಗಿಲ ಚಿಲಕವನ್ನೇ ನೋಡುತ್ತ ಕೂತಳು. ಮನೆಗೆ ಬಂದು ಗಂಡನಿಗೆ ಹೇಳಿದೆ: “ಸೋತುಬಿಟ್ಳು. ಬರ್ತಾಳೆ ಅನ್ಸುತ್ತೆ.”

ಅವರು ಆ ವರ್ಷ ತಾನೇ ಅಚ್ಚುಕೂಟದಿಂದ ನಿವೃತ್ತರಾಗಿದ್ದರು.  ಸಂಜೆ ನಾಲ್ಕಕ್ಕೆ ಅಂಗಿ ಹಾಕಿಕೊಂಡು, ಅಡಿಗೆಮನೆಗೆ ಬಂದು, “ಡಬ್ಬಿಗೆ ಹಾಕು” ಎಂದರು. ಬಿಸಿ ಆರದಂತೆ ಡಬ್ಬಿಗೆ ಹಳೆಯ ಟವೆಲು ಸುತ್ತಿ, ಬಗಲಲ್ಲಿ ಇಟ್ಟುಕೊಂಡು ಹೊರಟರು. ಸಭೆಯ ಪುಸ್ತಕ ಹಿಡಿಯುವಂತೆಯೇ.

ಆರು ವರ್ಷ. ಬೆಳಿಗ್ಗೆ ನಾನು, ಸಂಜೆ ಅವರು. ಮಳೆ ಬಂದರೆ ಕೊಡೆ, ಜ್ವರ ಬಂದರೆ ಮಫ್ಲರು. ತನ್ನ ಮಗಳಿಗೇ ಒಂದು ತುತ್ತು ತಿನ್ನಿಸಿದವರಲ್ಲ, ನನ್ನ ಅಕ್ಕನಿಗೆ ಚಮಚದಿಂದ ತಿನ್ನಿಸಿ ಬಾಯಿ ಒರೆಸಿ ಬರುತ್ತಿದ್ದರು.

ಒಮ್ಮೆ ಕೇಳಿಯೇ ಬಿಟ್ಟೆ. “ರೀ, ತಪ್ಪಾಯ್ತು ಅನ್ನಿಸಿ ಹೋಗ್ತಿದ್ದೀರಾ?”

“ಬೆಳಿಗ್ಗೆ ನೀನು ಹೋಗ್ತೀಯಲ್ಲ” ಎಂದರು.

ಇದಕ್ಕೆ ಏನೆಂದು ಅರ್ಥ ಮಾಡಬೇಕು? ಪಶ್ಚಾತ್ತಾಪವೋ, ಇಲ್ಲೂ ಅದೇ ಎಡಕ್ಕಿಷ್ಟು ಬಲಕ್ಕಿಷ್ಟು ಎಂಬ ಅಳತೆಯೋ?

ಅಕ್ಕನನ್ನು ಕೇಳಿದೆ. ಅವಳಿಗೆ ಆಗ ಮಾತೂ ಸ್ವಲ್ಪ ತಡವರಿಸುತ್ತಿತ್ತು.

“ಸಂಜೆ ಬಂದು ಏನು ಮಾತಾಡ್ತಾರೆ ನಿನ್ನ ಹತ್ರ?”

“ರಾಜಕೀಯ.”

ನಾನು ಬಾಚಣಿಗೆ ಕೆಳಗಿಟ್ಟೆ. “ನಮ್ಮವರಾ? ಯಾವ ಪಕ್ಷ ಅಂತೆ?”

“ಎಲ್ಲಾ ಹೇಳಿದ್ದಾರೆ. ಮೊದಲನೇ ಸಲದಿಂದ. ಯಾವ ವರ್ಷ ಯಾರಿಗೆ ಹಾಕಿದ್ರು, ಯಾಕೆ ಹಾಕಿದ್ರು, ಒಂದು ಸಲ ಹಾಕಿ ಯಾಕೆ ಅತ್ತರು.”

“ಹೇಳೇ!”

“ಹೇಳಬೇಡಿ ಅಂದಿದ್ದಾರೆ.”

“ನಾನು ನಿನ್ನ ತಂಗಿ ಕಣೆ. ಹೊಟ್ಟೆಗೆ ಹಾಕೋಳು ನಾನು.”

“ಸಂಜೆ ಅವರು ಹಾಕ್ತಾರೆ” ಎಂದು ನಡುಗುವ ತುಟಿಯಲ್ಲೇ ನಕ್ಕಳು. “ಬಾಚು, ಬಾಚು.”

ಅಕ್ಕ ಅವಳ ಹಟದಂತೆಯೇ ತನ್ನ ಮನೆಯಲ್ಲಿ, ತನ್ನ ಹಸಿರು ಬಾಗಿಲ ಹಿಂದೆ ಹೋದಳು. ಸಂಜೆಯ ಊಟ ಮುಗಿದಿತ್ತು. ಇವರು ಬರಿ ಡಬ್ಬಿ ಹಿಡಿದು ಮುಕ್ಕಾಲು ಗಂಟೆ ನಡೆದು ಬಂದು ನನಗೆ ಹೇಳಿದರು. ಅಳಲು ಕೂಡ ನಾನು ಆ ದಾರಿಯನ್ನೆಲ್ಲ ನಡೆದು ಹೋಗಬೇಕಾಯಿತು.

ಆ ತಿಂಗಳ ಸಭೆಗೆ ನಾನೂ ಹೋದೆ. ಸಭೆ ಶುರುವಾಗುವ ಮೊದಲು, ತೀರಿಕೊಂಡವರಿಗೆ ಎರಡು ನಿಮಿಷ ಎದ್ದು ನಿಂತು, ಅವರ ಬಗ್ಗೆ ಪುಸ್ತಕದಲ್ಲಿ ಒಂದು ಸಾಲು ಬರೆಯುವುದು ವಾಡಿಕೆ. ಅವತ್ತು ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ನಮ್ಮವರು ತಾವೇ ಬರೆದುಕೊಂಡು ಎದ್ದು ಓದಿದರು. ಅವರ ದನಿಯಲ್ಲಿ ನಾಲ್ಕು ಸಾಲು. ಒಂದು ಸಾಲಿನಲ್ಲಿ ಕೈ ನಡುಗುತ್ತಿದ್ದದ್ದು. ಒಂದರಲ್ಲಿ ತಗಡಿನ ಪೆಟ್ಟಿಗೆ. ಒಂದರಲ್ಲಿ ಹಸಿರು ಬಾಗಿಲು. ಕೊನೆಯದರಲ್ಲಿ ಮೂವತ್ತೆಂಟು, ಎಪ್ಪತ್ತು, ಮೂವತ್ತೆಂಟು. ಆರು ವರ್ಷದ ಹಿಂದೆ ನಾನು ಹೇಳಿದ ಮಾತುಗಳು. ಒಂದೂ ಮರೆತಿರಲಿಲ್ಲ.

ಔಷಧಿ ಅಂಗಡಿಯವರು ಕನ್ನಡಕ ತೆಗೆದರು. “ಅಲ್ರೀ, ಆಕೆ ನಮ್ಮ ಸಂಘದವರಲ್ವಲ್ಲ. ಹಳಿ ಆಚೆಯವರು.”

“ಸೇತುವೆ ಇದ್ದಿದ್ರೆ ಈಚೆಯವರೇ” ಎಂದರು ನಮ್ಮವರು.

ಆ ಕೋಣೆಯಲ್ಲಿ ಅವರು ತಮ್ಮದೆಂದು ಆಡಿದ ಮೊದಲ ಮಾತು ಅದು. ಕುರ್ಚಿಗಳು ಕಿರುಗುಟ್ಟಿದವು. ಹಿಂದಿನ ಸಾಲಿನಲ್ಲಿ ಯಾರೋ, “ನೋಡಿದ್ರಾ, ಕೊನೆಗೂ ನೇರಳೆ ಅಂತ ಗೊತ್ತಾಯ್ತು” ಎಂದು ಪಿಸುಗುಟ್ಟಿದರು. ಇನ್ನೊಬ್ಬರು, “ಹೆಂಡತಿ ಕಡೆಯವರಲ್ವಾ, ಬಿಡಿ” ಎಂದರು.

ಅಧ್ಯಕ್ಷರು ಪುಸ್ತಕ ಎಳೆದುಕೊಂಡು ನೋಡಿದರು. ಹಾಳೆಯ ನಡುವೆ ಎಂದಿನ ಗೆರೆ. ಎಡಕ್ಕೆ ನಾಲ್ಕು ಸಾಲು. ಬಲಗಡೆ ಬಿಳಿ.

“ಇದೇನು, ಆ ಕಡೆ ಖಾಲಿ?”

“ಹೇಳೋರಿದ್ರೆ ಹೇಳಿ. ಬರೀತೀನಿ.” ಪೆನ್ನು ಹಿಡಿದು ಕಾದರು.

ಯಾರೂ ಏಳಲಿಲ್ಲ. ಆಮೇಲೆ ಬಡಗಿ ಎದ್ದರು. ಬೇಡ ಎಂ​ದಿದ್ದ ಇಬ್ಬರಲ್ಲಿ ಒಬ್ಬರು.  ಅವರ ಬಾಯಿ ಅಲುಗಿತು, ಅಷ್ಟರಲ್ಲಿ ರೈಲು ಬಂತು. ಉದ್ದದ ಗೂಡ್ಸು ರೈಲು. ಅದು ದಾಟುವವರೆಗೆ ಬಡಗಿ ನಿಂತೇ ಇದ್ದರು, ನಮ್ಮವರು ಪೆನ್ನು ಹಿಡಿದೇ ಇದ್ದರು, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಕೊನೆಯ ಡಬ್ಬಿ ಹೋದ ಮೇಲೆ ಬಡಗಿ, “ಖಾಲಿ ಇರ್ಲಿ ಬಿಡಿ ಅಡ್ಡಗೋಡೆಯವರೇ” ಎಂದು ಕೂತರು.

ಎಲ್ಲರೂ ಎದ್ದು ಎರಡು ನಿಮಿಷ ನಿಂತರು. ಔಷಧಿ ಅಂಗಡಿಯವರೂ ನಿಂತರು.

ಮನೆಗೆ ಬರುವಾಗ ಮೆಟ್ಟಿಲಲ್ಲಿ ಅವರ ಕೈ ಹಿಡಿದು ಕೇಳಿದೆ. “ಹಾಗಾದ್ರೆ ಅವತ್ತು ಬರೆದದ್ದು ತಪ್ಪು ಅಂತ ತಾನೆ? ಈಗಾದ್ರೂ ಹೇಳಿ.”

“ಕಾಲು ನೋಯ್ತಿದೆ ಕಣೆ. ನಿಧಾನ ಹತ್ತು.”

ನಿಧಾನವಾಗಿ ಹತ್ತಿದೆವು. ಮಾರನೆಯ ದಿನ ಸಂಜೆ ನಾಲ್ಕಕ್ಕೆ ಅಂಗಿ ಹಾಕಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಯಾಕೆ ಬಂದೆನೆಂದು ಅವರಿಗೇ ತಿಳಿಯಲಿಲ್ಲ.  ಡಬ್ಬಿ ತೊಳೆದು ಬೋರಲು ಹಾಕಿತ್ತು. ಇಬ್ಬರಿಗೂ ಟೀ ಮಾಡಿದೆ.